ಬಾಡಿಗೆ ಮನೆ, ಆನ್‌ಲೈನ್ ವೀಣೆ ಪಾಠ: ಫೈಬರ್ ಬಿಟ್ಟು 5ಜಿ ಏರ್‌ಫೈಬರ್‌ಗೆ ಹೋಗಬಹುದಾ?

ತಂತಿ_ಟೀಚರ್

ಎಲ್ಲರಿಗೂ ನಮಸ್ಕಾರ. ಹೊಸಕೆರೆಹಳ್ಳಿಯಲ್ಲಿ, ರಿಂಗ್ ರೋಡಿಂದ ಸ್ವಲ್ಪ ಒಳಗೆ, ಮೂರನೇ ಮಹಡಿಯಲ್ಲಿ ಬಾಡಿಗೆಗಿದ್ದೀವಿ. ನಾನು ಮನೆಯಿಂದಲೇ ವೀಣೆ ಪಾಠ ಮಾಡ್ತೀನಿ, ಮುಕ್ಕಾಲು ಪಾಲು ಮಕ್ಕಳು ಆನ್‌ಲೈನ್. ಬೆಳಗ್ಗೆ ಐದೂವರೆಗೆ ನ್ಯೂಜೆರ್ಸಿಯವರು, ಅವರಿಗೆ ಆಗ ಹಿಂದಿನ ದಿನದ ರಾತ್ರಿ ಎಂಟು. ಶನಿವಾರ, ಭಾನುವಾರ ಸಂಜೆ ಏಳರಿಂದ ಒಂಬತ್ತರವರೆಗೆ ಲಂಡನ್ ಕಡೆಯವರು.

ಈಗಿರೋದು ಏರಿಯಾದ ಕೇಬಲ್‌ನವರ ಫೈಬರ್. ಬಂದಾಗ ಚೆನ್ನಾಗೇ ಬರುತ್ತೆ, ಅದಕ್ಕೆ ತಕರಾರಿಲ್ಲ. ಆದರೆ ಆ ವೈರು ಬರೋ ದಾರಿ ನೋಡಬೇಕು ನೀವು. ಕರೆಂಟ್ ಕಂಬದಿಂದ ಹೊಂಗೆ ಮರಕ್ಕೆ, ಮರದಿಂದ ಎದುರು ಮನೆ ಗ್ರಿಲ್‌ಗೆ, ಅಲ್ಲಿಂದ ನಮ್ಮ ಸಜ್ಜಾಗೆ. ನಡುವೆ ಒಂದು ಕಡೆ ಪ್ಲಾಸ್ಟಿಕ್ ಕವರ್ ಸುತ್ತಿ ಗಂಟು ಹಾಕಿದ್ದಾರೆ, ಅದೇ ಜಾಯಿಂಟ್ ಅಂತೆ. ಮರಳಿನ ಲಾರಿ ಸ್ವಲ್ಪ ಎತ್ತರ ಇದ್ರೆ ಮುಗೀತು. ಕೊಂಬೆ ಕಡಿಯೋಕೆ ಬಂದ್ರೂ ಮುಗೀತು, ಕಂಬದ ಮೇಲಿನ ವೈರ್ ಕ್ಲೀನ್ ಮಾಡ್ತೀವಿ ಅಂತ ಬಂದ್ರೂ ಮುಗೀತು. ಫೋನ್ ಮಾಡಿದ್ರೆ "ಹುಡುಗ ಹೊರಟಿದ್ದಾನೆ ಮೇಡಂ" ಅಂತಾರೆ. ಆ ಹುಡುಗ ಎಲ್ಲಿಂದ ಹೊರಡ್ತಾನೋ ದೇವರಿಗೇ ಗೊತ್ತು.

ಮೊನ್ನೆ ತೋಡಿ ರಾಗದ ಗಾಂಧಾರ ಸ್ವರವನ್ನ ಗಮಕ ಹಾಕಿ, ಅಂದ್ರೆ ತೂಗಿ ನುಡಿಸಿ, ತೋರಿಸ್ತಿದ್ದೆ, ಸ್ಕ್ರೀನ್ ನಿಂತೇ ಹೋಯ್ತು. ಗಮಕದ ಅರ್ಧ ಇಲ್ಲಿ, ಇನ್ನರ್ಧ ಅಟ್ಲಾಂಟಿಕ್‌ನಲ್ಲಿ. ಅಂಥ ಹೊತ್ತಲ್ಲಿ ಫೋನ್ ಹಾಟ್‌ಸ್ಪಾಟ್ ಹಾಕಿ ಪಾಠ ಮುಗಿಸ್ತೀನಿ. ಎಷ್ಟೋ ಸಲ ಫೈಬರ್‌ಗಿಂತ ಅದೇ ವಾಸಿ ಅನ್ಸಿದೆ. ಹಾಗಿದ್ರೆ ಮನೆಗೆ ಪೂರ್ತಿ ವೈರ್‌ಲೆಸ್ ಹಾಕಿಸಿಬಿಟ್ಟರೆ ಹೇಗೆ?

ಮನೆಯಲ್ಲಿ ನನ್ನ ಪಾಠ ದಿನಕ್ಕೆ ಸುಮಾರು ನಾಲ್ಕು ಗಂಟೆ, ಅತ್ತೆಯವರ ಸೀರಿಯಲ್ಲು ಟಿವಿಯಲ್ಲಿ ಸಂಜೆಯಿಂದ ರಾತ್ರಿವರೆಗೆ, ಮಗ ಸೆಕೆಂಡ್ ಪಿಯುಸಿ, ಅವನ ಟೆಸ್ಟ್ ಸೀರೀಸ್ ವಿಡಿಯೋಗಳು. ಜೊತೆಗೆ ಓನರ್ ಆಂಟಿಯ ಸಿಸಿಟಿವಿ ಡಿವಿಆರ್ (ಕ್ಯಾಮೆರಾ ರೆಕಾರ್ಡ್ ಮಾಡೋ ಡಬ್ಬಿ) ಕೂಡ ನಮ್ಮ ವೈಫೈಗೇ ಹಾಕಿದ್ದಾರೆ, ಮನೆ ಕೊಡೋವಾಗಲೇ ಆದ ಮಾತು ಅದು. ವೇಗ 30 ಎಂಬಿಪಿಎಸ್ ಸಾಕಾ, 100 ಬೇಕಾ? ಏರ್‌ಫೈಬರ್ (ವೈರಿನ ಬದಲು ಹೊರಗೆ ಆಂಟೆನಾ ಹಾಕಿ ಕಂಪನಿಯವರೇ ಕೊಡೋ ವೈರ್‌ಲೆಸ್ ಇಂಟರ್ನೆಟ್) ಒಳ್ಳೇದಾ, ಇಲ್ಲಾ ಒಂದು 5ಜಿ ರೂಟರ್ ತಗೊಂಡು ನಾನೇ ಸಿಮ್ ಹಾಕಿಕೊಳ್ಳಲಾ? ಅಗ್ರಿಮೆಂಟ್ ಮಾರ್ಚ್‌ಗೆ ಮುಗಿಯುತ್ತೆ, ಮನೆ ಬದಲಾಯಿಸಿದ್ರೂ ಬದಲಾಯಿಸಬಹುದು. ಗೋಡೆಗೆ ಒಂದು ಮೊಳೆ ಹೊಡೆದ್ರೂ ಆಂಟಿಗೆ ಗೊತ್ತಾಗುತ್ತೆ, ಅದೂ ನೆನಪಿರಲಿ.

ಪಿಂಗ್_ಪ್ರಸಂಗ

ಅಕ್ಕ, ಕಣ್ಣು ಮುಚ್ಚಿಕೊಂಡು 100ರ ಪ್ಲಾನ್ ತಗೊಳ್ಳಿ. ನಾಲ್ಕು ಜನ ಇರೋ ಮನೆಗೆ 30 ಯಾವ ಮೂಲೆಗೂ ಸಾಲಲ್ಲ. ನಾನು ನಾಗರಬಾವಿಯಲ್ಲಿ ಏರ್‌ಫೈಬರ್ ಹಾಕಿಸಿ ಆರಾಮಾಗಿದ್ದೀನಿ, ಗೇಮ್ ಡೌನ್‌ಲೋಡ್ ಅಂತೂ ಬೆಣ್ಣೆ.

ಒಂದೇ ಒಂದು ವಿಷಯ. ಡಿವಿಆರ್‌ಗೆ ಪೋರ್ಟ್ ಫಾರ್ವರ್ಡ್ ಮಾಡಿ, ಅಂದ್ರೆ ರೂಟರ್‌ನಲ್ಲಿ ಅದಕ್ಕೆ ನೇರ ದಾರಿ ತೆರೆದಿಟ್ಟು, ಹೊರಗಿಂದ ನೋಡ್ತಿದ್ರೆ ಅದು ಇಲ್ಲಿ ನಡೆಯಲ್ಲ. ಮೊಬೈಲ್ ನೆಟ್‌ವರ್ಕ್ ಸಿಜಿನ್ಯಾಟ್ ಹಿಂದೆ ಇರುತ್ತೆ, ಅಂದ್ರೆ ಒಂದೇ ಪಬ್ಲಿಕ್ ಐಪಿ ವಿಳಾಸವನ್ನ ನೂರಾರು ಮನೆ ಹಂಚಿಕೊಂಡಿರುತ್ತೆ. ಹೊರಗಿಂದ ನಿಮ್ಮ ಡಿವಿಆರ್ ಬಾಗಿಲು ತಟ್ಟೋಕೆ ದಾರಿ ಇರಲ್ಲ. ಕಂಪನಿಯ ಆ್ಯಪ್‌ನಲ್ಲಿ ಕ್ಯೂಆರ್ ಸ್ಕ್ಯಾನ್ ಮಾಡಿ ನೋಡೋ ಥರದ್ದಾದ್ರೆ ಏನೂ ತೊಂದರೆ ಇಲ್ಲ.

ಟವರ್_ಹತ್ತಿದವನು

ಮೇಡಂ, ಕಣ್ಣು ಮುಚ್ಚಿಕೊಂಡು ಏನೂ ತಗೋಬೇಡಿ. ನಾನು ಈ ಊರಲ್ಲಿ ವರ್ಷಗಟ್ಟಲೆ ಡ್ರೈವ್ ಟೆಸ್ಟ್, ಅಂದ್ರೆ ರಸ್ತೆ ಸುತ್ತಿ ಮೊಬೈಲ್ ಸಿಗ್ನಲ್ ಅಳೆಯೋ ಕೆಲಸ, ಮಾಡಿದವನು. ಕಾರಿನಲ್ಲಿ ನಾಲ್ಕು ಫೋನ್, ಒಂದು ಲ್ಯಾಪ್‌ಟಾಪ್, ಸಿಲ್ಕ್ ಬೋರ್ಡ್ ಟ್ರಾಫಿಕ್, ಅದೇ ಜೀವನ. ಈಗ ಆ ಕೆಲಸ ಬಿಟ್ಟಿದ್ದೀನಿ, ಹಾಗಾಗಿ ಯಾರ ಪರವೂ ಮಾತಾಡಬೇಕಿಲ್ಲ.

ನಿಮ್ಮ ಕೆಲಸಕ್ಕೆ 30 ಇರಲಿ 100 ಇರಲಿ, ಆ ಅಂಕಿಯಿಂದ ಆಗಬೇಕಾದ್ದು ಕಮ್ಮಿ. ಅದು ಡೌನ್‌ಲೋಡ್ ಲೆಕ್ಕ. ಜೂಮ್‌ನಲ್ಲಿ ಒಬ್ಬರಿಗೊಬ್ಬರು ಎಚ್‌ಡಿ ವಿಡಿಯೋಗೆ ಹೋಗೋದಕ್ಕೂ ಬರೋದಕ್ಕೂ ತಲಾ 1.2 ಎಂಬಿಪಿಎಸ್ ಸಾಕು. ಸಂಗೀತದವರಿಗೆ ಅಂತಲೇ ಇರೋ "ಒರಿಜಿನಲ್ ಸೌಂಡ್" ಹಾಕಿ, ಅದರಲ್ಲಿ ಹೈ ಫಿಡೆಲಿಟಿ ಆರಿಸಿದ್ರೂ ಒಂದು ಮೈಕಿನ ಧ್ವನಿಗೆ 96 ಕೆಬಿಪಿಎಸ್, ಅಂದ್ರೆ ಒಂದು ಎಂಬಿಪಿಎಸ್‌ನ ಹತ್ತನೇ ಒಂದು ಭಾಗ. ನಿಮ್ಮ ವೀಣೆಗೆ ಅಗಲವಾದ ರಸ್ತೆ ಬೇಡ. ಆದ್ರೆ ಅಷ್ಟು ಧ್ವನಿ ಒಂದೇ ಸಮ ಹೋಗ್ತಿರಬೇಕು. ಒಂದು ಪ್ಯಾಕೆಟ್ (ಡೇಟಾದ ಸಣ್ಣ ತುಣುಕು) 30 ಮಿಲಿಸೆಕೆಂಡಿಗೆ, ಮುಂದಿನದು 150ಕ್ಕೆ ಅಂತ ಹೋದ್ರೆ ಅದೇ ಗಮಕ ತುಂಡಾಗೋದು. ಹಾಗಾಗಿ ನೀವು ನೋಡಬೇಕಾದ್ದು ಎರಡು: ಸಂಜೆ ಹೊತ್ತಿನ ಅಪ್‌ಲೋಡ್, ಮತ್ತೆ ಪಿಂಗ್, ಅಂದ್ರೆ ಡೇಟಾ ಹೋಗಿ ಬರೋಕೆ ಹಿಡಿಯೋ ಮಿಲಿಸೆಕೆಂಡು, ಎಷ್ಟು ಹೊಯ್ದಾಡುತ್ತೆ ಅನ್ನೋದು.

5ಜಿಯಲ್ಲಿ ಅಪ್‌ಲೋಡ್ ಯಾಕೆ ಬಡವ ಅಂದ್ರೆ, ನಮ್ಮಲ್ಲಿ ಜಿಯೋ, ಏರ್‌ಟೆಲ್ ಎರಡೂ 5ಜಿಗೆ ಮುಖ್ಯವಾಗಿ ಬಳಸೋದು 3.3 ಗಿಗಾಹರ್ಟ್ಸ್‌ನಿಂದ ಮೇಲಿನ ಬ್ಯಾಂಡು, ಫೋನಿನಲ್ಲಿ ಎನ್78 ಅಂತ ತೋರಿಸುತ್ತೆ. ಅಲ್ಲಿ ಹೋಗೋದಕ್ಕೂ ಬರೋದಕ್ಕೂ ಒಂದೇ ತರಂಗ, ಹೊತ್ತು ಹಂಚಿಕೊಂಡು ಬಳಸಬೇಕು. ಜನ ನೋಡೋದೇ ಜಾಸ್ತಿ, ಕಳಿಸೋದು ಕಮ್ಮಿ ಅಂತ ಹೆಚ್ಚಿನ ಹೊತ್ತು ಡೌನ್‌ಲೋಡ್‌ಗೇ ಕೊಟ್ಟಿರ್ತಾರೆ. ಸಾಲದ್ದಕ್ಕೆ ಟವರ್‌ನ ಶಕ್ತಿ ಮುಂದೆ ನಿಮ್ಮ ಡಬ್ಬಿಯ ಶಕ್ತಿ ಏನೂ ಅಲ್ಲ. ಟವರ್ ಕೂಗಿದ್ದು ನಿಮಗೆ ಕೇಳುತ್ತೆ, ನೀವು ಕೂಗಿದ್ದು ಟವರ್‌ಗೆ ಕೇಳೋದು ಕಷ್ಟ. ಸಿಗ್ನಲ್ ಕೆಟ್ಟ ಮನೆಯಲ್ಲಿ ಮೊದಲು ಸಾಯೋದು ಅಪ್‌ಲೋಡೇ.

ಇನ್ನು ಹೊತ್ತು. ನಿಮ್ಮ ಸುತ್ತ ಕಾಲೇಜು, ಸಾಲು ಸಾಲು ಪಿಜಿ. ರಾತ್ರಿ ಎಂಟಾದ್ಮೇಲೆ ಕಾವೇರಿ ನೀರು ಬಿಟ್ಟಾಗ ಕೊನೆ ಮನೆ ನಲ್ಲಿಗೆ ಬರೋ ಧಾರೆ ಇದ್ದಹಾಗೆ ಇರುತ್ತೆ ಟವರ್‌ನ ಪರಿಸ್ಥಿತಿ. ಬೆಳಗ್ಗೆ ಐದೂವರೆಗೆ ಟೆಸ್ಟ್ ಮಾಡಿದ್ರೆ ಯಾವ ಕಂಪನಿಯೂ ಚಿನ್ನ. ನೀವು ಟೆಸ್ಟ್ ಮಾಡಬೇಕಾದ್ದು ಶನಿವಾರ ರಾತ್ರಿ ಎಂಟೂವರೆಗೆ, ಆರ್‌ಸಿಬಿ ಮ್ಯಾಚ್ ಇದ್ರೆ ಇನ್ನೂ ಒಳ್ಳೇದು.

ಮಾಡೋದು ಹೀಗೆ. ಆ್ಯಂಡ್ರಾಯ್ಡ್ ಫೋನಲ್ಲಿ *#*#4636#*#* ಒತ್ತಿ. ಫೋನ್ ಮಾಹಿತಿ ಪುಟ ತೆರೆಯುತ್ತೆ. ಆರ್‌ಎಸ್‌ಆರ್‌ಪಿ ಅಂತ ಮೈನಸ್‌ನಲ್ಲಿ ಒಂದು ಅಂಕಿ ಇರುತ್ತೆ, ಸಿಗ್ನಲ್ ಎಷ್ಟು ಬಲವಾಗಿದೆ ಅನ್ನೋದು. -80ರ ಆಸುಪಾಸು ಇದ್ರೆ ಖುಷಿ, -100 ದಾಟಿದ್ರೆ ಯೋಚನೆ, -110 ಅಂದ್ರೆ ಆ ಜಾಗ ಬಿಡಿ. ಪಕ್ಕದಲ್ಲಿ ಎಸ್‌ಐಎನ್‌ಆರ್ ಇರುತ್ತೆ, ಸದ್ದುಗದ್ದಲದ ಮಧ್ಯೆ ಸಿಗ್ನಲ್ ಎಷ್ಟು ಸ್ಪಷ್ಟ ಅನ್ನೋದು. 20ರ ಹತ್ತಿರ ಇದ್ರೆ ಅತ್ಯುತ್ತಮ, ಸೊನ್ನೆಗಿಂತ ಕೆಳಗೆ ಹೋದ್ರೆ ಗೋಳು. ಐಫೋನಾದ್ರೆ *3001#12345#* ಒತ್ತಿ ಕಾಲ್ ಮಾಡಿ. ಮನೆಯ ಒಂದೊಂದು ಕಿಟಕಿ ಹತ್ತಿರಾನೂ ನಿಂತು ಬರೆದುಕೊಳ್ಳಿ, ಆಮೇಲೆ ಟೆರೇಸ್ ಮೇಲೆ. ವೇಗಕ್ಕೆ ಟ್ರಾಯ್‌ನವರ (ಟೆಲಿಕಾಂ ನಿಯಂತ್ರಣ ಪ್ರಾಧಿಕಾರ) ಮೈಸ್ಪೀಡ್ ಆ್ಯಪ್ ಇದೆ. ಒಂದು ಮುಖ್ಯ ಮಾತು, ಯಾವ ಕಂಪನಿಯದು ತಗೋಬೇಕು ಅಂತಿದ್ದೀರೋ ಅದೇ ಕಂಪನಿ ಸಿಮ್‌ನಲ್ಲಿ ನೋಡಿ. ಪಕ್ಕದ ಮನೆಯವರಿಗೆ ಚೆನ್ನಾಗಿ ಬರುತ್ತೆ ಅನ್ನೋದಕ್ಕೆ ಬೆಲೆ ಕೊಡಬೇಡಿ. 3.5 ಗಿಗಾಹರ್ಟ್ಸ್ ಸಿಗ್ನಲ್‌ಗೆ ಒಂದು ಕಾಂಕ್ರೀಟ್ ಗೋಡೆ ಅಡ್ಡ ಬಂದ್ರೂ ಲೆಕ್ಕಾಚಾರ ಬದಲಾಗುತ್ತೆ.

ಇನ್ನೊಂದು ಗುಟ್ಟು. ಏರ್‌ಫೈಬರ್ ಅಂತ ಬಂದು ಹಾಕೋದೆಲ್ಲಾ 5ಜಿ ಅಲ್ಲ. ಜಿಯೋದವರು ಕೆಲವು ಕಡೆ ಯುಬಿಆರ್ ಅನ್ನೋ ಬೇರೆ ಉಪಕರಣ ಹಾಕ್ತಾರೆ. ಲೈಸೆನ್ಸ್ ಬೇಡದ 5 ಗಿಗಾಹರ್ಟ್ಸ್ ಬ್ಯಾಂಡಿನಲ್ಲಿ ಹತ್ತಿರದ ಯಾವುದೋ ಕಟ್ಟಡದ ಮೇಲಿನಿಂದ ನಿಮ್ಮ ಟೆರೇಸ್‌ಗೆ ನೇರ ಕೊಂಡಿ. ಅದು ಕೆಟ್ಟದ್ದು ಅಂತಲ್ಲ, ಎದುರುಬದುರು ಅಡ್ಡ ಏನೂ ಇಲ್ಲದಿದ್ರೆ ಸ್ಥಿರವಾಗೇ ಇರುತ್ತೆ. ಆದ್ರೆ ಅಲ್ಲಿ ನಿಮ್ಮ ಫೋನ್ ಟೆಸ್ಟ್ ಏನೂ ಹೇಳಲ್ಲ. ಅಳೆಯೋಕೆ ಬಂದ ಹುಡುಗನ್ನ "5ಜಿನಾ, ಯುಬಿಆರ್ರಾ" ಅಂತ ಬಾಯಿಬಿಟ್ಟು ಕೇಳಿ.

ಸ್ವಂತ ರೂಟರ್‌ಗೆ ಸಿಮ್ ಹಾಕೋ ಯೋಚನೆ ನನಗೆ ಹಿಡಿಸಲಿಲ್ಲ. ಮೊಬೈಲ್ ಪ್ಲಾನಿನ ಅನ್‌ಲಿಮಿಟೆಡ್ 5ಜಿ ಫೋನಿನಲ್ಲಿ ಸ್ವಂತಕ್ಕೆ ಬಳಸೋರಿಗೆ ಅಂತ ಕೊಟ್ಟಿರೋದು, ಮನೆ ಪೂರ್ತಿ ಅದರ ಮೇಲೆ ಕೂರಿಸಿದ್ರೆ ನಿಯಮದ ಪ್ರಕಾರ ತಡೆಯೋ ಹಕ್ಕು ಅವರಿಗಿದೆ. 5ಜಿ ಹೋಗಿ 4ಜಿಗೆ ಇಳಿದ ಕ್ಷಣ ದಿನದ 2 ಜಿಬಿ ಲೆಕ್ಕ ಶುರು. ಅತ್ತೆಯವರ ಒಂದು ಸೀರಿಯಲ್ ಮುಗಿಯೋದ್ರಲ್ಲಿ ಅದು ಖಾಲಿ.

ಡೇಟಾ ಮಿತಿ ನಿಮಗೆ ಸಾಕು. ಏರ್‌ಫೈಬರ್ ಪ್ಲಾನ್‌ಗಳಿಗೆ ಸಾಮಾನ್ಯವಾಗಿ ತಿಂಗಳಿಗೆ 1000 ಜಿಬಿ, ಮಾಮೂಲಿ ಫೈಬರ್‌ಗೆ ದೊಡ್ಡ ಕಂಪನಿಗಳು 3300 ಕೊಡ್ತವೆ. ನಿಮ್ಮ ಪಾಠ ಗಂಟೆಗೆ ಹೋಗಿ ಬಂದು ಹೆಚ್ಚುಕಮ್ಮಿ 1 ಜಿಬಿ, ತಿಂಗಳಿಗೆ 120 ಅನ್ನಿ. ಟಿವಿ ಎಚ್‌ಡಿಯಲ್ಲಿ ಗಂಟೆಗೆ 3 ಜಿಬಿ ಹಿಡಿದು ದಿನಕ್ಕೆ ಐದು ಗಂಟೆ ಅಂದ್ರೆ 450. ಮಗನಿಗೆ 100 ಬಿಡಿ. 700ರ ಒಳಗೇ ಆಯ್ತು. ಟಿವಿ 4ಕೆ ಆಗಿದ್ರೆ ಮಾತ್ರ ಹುಷಾರು, ಅದು ಗಂಟೆಗೆ 7 ಜಿಬಿವರೆಗೆ ನುಂಗುತ್ತೆ. ಸೀರಿಯಲ್‌ಗೆ 4ಕೆ ಯಾಕೆ, ಅತ್ತೆ ಸೊಸೆ ಜಗಳ ಎಚ್‌ಡಿಯಲ್ಲೂ ಚೆನ್ನಾಗೇ ಕಾಣುತ್ತೆ. (ಸೀರಿಯಲ್‌ನ ಅತ್ತೆ ಸೊಸೆ, ನಿಮ್ಮನೇದಲ್ಲ.)

ಜಯನಗರ_ನಿವೃತ್ತ

ಟವರ್ ಅವರು ಹೇಳಿದ್ದಕ್ಕೆ ಎರಡು ಮಾತು ಸೇರಿಸ್ತೀನಿ.

ನಮ್ಮ ರಸ್ತೆಯಲ್ಲಿ ಎರಡೂ ಕಡೆ ದೊಡ್ಡ ಮರಗಳು. ಬೇಸಿಗೆಯಲ್ಲಿ ಎಲೆ ಉದುರಿದಾಗ ನೋಡಿ ಹಾಕಿಸಿಕೊಂಡವರು, ಮಳೆ ಬಿದ್ದು ಮರ ತುಂಬಿಕೊಂಡ ಮೇಲೆ ಗೊಣಗಿದ್ದನ್ನ ಕಣ್ಣಾರೆ ಕಂಡಿದ್ದೀನಿ. ಮಳೆ ಹನಿಯಿಂದ ಈ ಬ್ಯಾಂಡಿಗೆ ಅಂಥಾ ಬಾಧೆ ಇಲ್ಲವಂತೆ, ಒದ್ದೆ ಎಲೆಯಿಂದ ಇದೆ. ನಿಮ್ಮ ಹೊಂಗೆ ಮರ ಟವರ್ ದಿಕ್ಕಿಗೇ ಇದ್ರೆ ನೆನಪಿಟ್ಟುಕೊಳ್ಳಿ.

ಎರಡನೇದು ಕರೆಂಟು. ಹೊರಗಿನ ಆಂಟೆನಾ, ಒಳಗಿನ ರೂಟರ್, ಎರಡಕ್ಕೂ ಕರೆಂಟ್ ಬೇಕು. ಅಂಗಡಿಯಲ್ಲಿ ಸಿಗೋ 12 ವೋಲ್ಟಿನ ಪುಟ್ಟ ಯುಪಿಎಸ್ ರೂಟರ್‌ಗೆ ಆಗುತ್ತೆ. ಆಂಟೆನಾಗೆ ನೆಟ್‌ವರ್ಕ್ ಕೇಬಲ್‌ನಲ್ಲೇ ಕರೆಂಟ್ ಕಳಿಸೋ ಅಡಾಪ್ಟರ್ ಬೇರೆ ಇರುತ್ತೆ, ಅದರ ವೋಲ್ಟೇಜ್ ಬೇರೆ ಇರಬಹುದು. ಅಡಾಪ್ಟರ್ ಮೇಲೆ ಬರೆದಿರೋದನ್ನ ಓದದೆ ಯುಪಿಎಸ್ ಕೊಳ್ಳಬೇಡಿ. ಮನೆಗೆಲ್ಲಾ ದೊಡ್ಡ ಯುಪಿಎಸ್ ಇದ್ರೆ ಆ ಪಾಯಿಂಟಿಗೇ ಎರಡನ್ನೂ ಹಾಕಿ.

ನಾನಾಗಿದ್ರೆ ಹಳೇದನ್ನ ಒಂದು ತಿಂಗಳು ಉಳಿಸಿಕೊಂಡೇ ಹೊಸದು ಹಾಕಿಸ್ತಿದ್ದೆ. ಪೆನ್ಷನ್‌ದಾರನ ಬುದ್ಧಿ ಅಂದ್ರೂ ಪರವಾಗಿಲ್ಲ.

ಪಿಂಗ್_ಪ್ರಸಂಗ

ಟವರ್ ಅಣ್ಣ, ಅಪ್‌ಲೋಡ್ ವಿಷಯ ಸರಿ. ಆದ್ರೆ ಬರೀ ದುಡ್ಡಿನ ಲೆಕ್ಕದಲ್ಲಿ 30ಕ್ಕೂ 100ಕ್ಕೂ ಅಷ್ಟೇನು ವ್ಯತ್ಯಾಸ?

ಟವರ್_ಹತ್ತಿದವನು

ಸೆಪ್ಟೆಂಬರ್ 2023ರಲ್ಲಿ, ಗಣೇಶನ ಹಬ್ಬದ ದಿನ, ಜಿಯೋ ಏರ್‌ಫೈಬರ್ ಬೆಂಗಳೂರೂ ಸೇರಿ ಎಂಟು ಊರಲ್ಲಿ ಶುರುವಾದಾಗ 30ಕ್ಕೆ 599, 100ಕ್ಕೆ 899 ಇತ್ತು. ಏರ್‌ಟೆಲ್‌ನವರು ಅದೇ ವರ್ಷ 100ಕ್ಕೆ 799 ಅಂತ ಬೇರೆ ಊರುಗಳಲ್ಲಿ ಶುರು ಮಾಡಿದ್ರು. ಇದರ ಮೇಲೆ ಶೇಕಡ 18 ಜಿಎಸ್‌ಟಿ, ಜಾಹೀರಾತಲ್ಲಿ ಸಣ್ಣಕ್ಷರ. 599 ಅಂದ್ರೆ ಕೈಯಿಂದ ಹೋಗೋದು 707, 899 ಅಂದ್ರೆ 1061. ಈಗಿನ ದರ ಅವರ ಆ್ಯಪ್‌ನಲ್ಲೇ ನೋಡಿ, ಜಿಎಸ್‌ಟಿ ಸೇರಿಸಿ ಹೋಲಿಸಿ. ತಿಂಗಳಿಗೆ ಮುನ್ನೂರೈವತ್ತು ಉಳಿದ್ರೆ ವರ್ಷಕ್ಕೆ ನಾಲ್ಕು ಸಾವಿರ ಚಿಲ್ಲರೆ, ನನಗಂತೂ ಅದು ದುಡ್ಡೇ ಕಣಪ್ಪಾ.

ತಂತಿ_ಟೀಚರ್

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮಗನ ಕೈಯಲ್ಲಿ ಫೋನ್ ಕೊಟ್ಟು ಮನೆಯೆಲ್ಲಾ ಸುತ್ತಿಸಿದೆ, ಓದೋದು ಬಿಟ್ಟು ಇದನ್ನ ಬಹಳ ಶ್ರದ್ಧೆಯಿಂದ ಮಾಡಿದ. ನನ್ನ ಸಿಮ್ ಒಂದು ಕಂಪನಿ, ಯಜಮಾನರದ್ದು ಇನ್ನೊಂದು. ಹೆಸರು ಹಾಕಲ್ಲ, ಇಲ್ಲಿ ಜಗಳ ಶುರುವಾಗುತ್ತೆ.

ಹಾಲ್ ಕಿಟಕಿ ರಿಂಗ್ ರೋಡ್ ಕಡೆಗಿದೆ, ಅಲ್ಲಿ ನನ್ನ ಸಿಮ್‌ಗೆ -82, ಅವರದ್ದಕ್ಕೆ -88. ನಾನು ಪಾಠ ಮಾಡೋ ಹಿಂದಿನ ರೂಮಿನಲ್ಲಿ ಎರಡೂ -105ರ ಆಚೆ. ಬೆಳಗ್ಗೆ ಹಾಲ್‌ನಲ್ಲಿ ನನ್ನ ಸಿಮ್ 310 ಡೌನ್‌ಲೋಡ್, 24 ಅಪ್‌ಲೋಡ್. ಅವರದ್ದು 180, 17. ಇಲ್ಲಿಗೇ ನಿಲ್ಲಿಸಿದ್ರೆ ನನ್ನದನ್ನೇ ತಗೋತಿದ್ದೆ.

ಶನಿವಾರ ರಾತ್ರಿ ಮ್ಯಾಚ್ ಇತ್ತು. ನನ್ನ ಸಿಮ್ ಡೌನ್‌ಲೋಡ್ 40, ಅಪ್‌ಲೋಡ್ ಒಮ್ಮೆ 5 ಒಮ್ಮೆ 1, ಪಿಂಗ್ 35ರಿಂದ 190ರವರೆಗೆ ಕುಣೀತು. ಯಜಮಾನರ ಸಿಮ್ ಡೌನ್‌ಲೋಡ್ 90, ಅಪ್‌ಲೋಡ್ 10ರ ಹತ್ತಿರ ನಿಂತೇ ಇತ್ತು, ಪಿಂಗ್ 30ರಿಂದ 48. ಅವರ ಮುಖ ನೋಡಬೇಕಿತ್ತು, ನೆಟ್‌ವರ್ಕ್ ಅವರೇ ಕಟ್ಟಿಸಿದಹಾಗೆ.

ಹಾಗಾದ್ರೆ ಅವರ ಕಂಪನಿಯದ್ದೇ, 30ರ ಪ್ಲಾನ್? ಹಿಂದಿನ ರೂಮಿಗೆ ಹೇಗೆ ತರೋದು? ಡಿವಿಆರ್ ಆ್ಯಪ್‌ನಲ್ಲೇ ನೋಡೋ ಥರದ್ದು, ಆಂಟಿ ಮಗಳ ಮನೆಯಿಂದ ಮೈಸೂರಲ್ಲಿ ಕೂತು ಗೇಟ್ ನೋಡ್ತಿರ್ತಾರೆ.

ಟವರ್_ಹತ್ತಿದವನು

ಹೌದು, ಅವರದ್ದೇ. ಬೆಳಗಿನ 310ಕ್ಕೆ ಮರುಳಾಗಬೇಡಿ, ರಾತ್ರಿ ನಿಂತಿದ್ದು ಯಾವುದೋ ಅದು ನಿಮ್ಮದು. ನಿಮ್ಮ ಸಿಮ್‌ನ ಟವರ್‌ಗೆ ಸಿಗ್ನಲ್ ಚೆನ್ನಾಗಿದೆ, ಜನ ಜಾಸ್ತಿ. ಟೆರೇಸ್ ಮೇಲೆ ಎಂಥಾ ಆಂಟೆನಾ ಹಾಕಿದ್ರೂ ಜನ ಕಮ್ಮಿಯಾಗಲ್ಲ. ಯಜಮಾನರ ಕಂಪನಿಗೆ -88 ಅಂದ್ರೆ ಹೊರಗೆ ಹಾಕಿದ್ಮೇಲೆ ಇನ್ನೂ ಸುಧಾರಿಸುತ್ತೆ. ಅವರಲ್ಲಿ 30ರ ಪ್ಲಾನ್ ಇದ್ರೆ ಅದು ಸಾಕು, ಟಿವಿ ಎಚ್‌ಡಿಗೆ 5 ಎಂಬಿಪಿಎಸ್ ಬೇಕು, ಮಗನಿಗೆ ಇನ್ನೊಂದು ಐದು, ಉಳಿದದ್ದು ನಿಮ್ಮದು. ಇಲ್ಲದಿದ್ರೆ ಅವರ ಅತಿ ಕಮ್ಮಿ ಪ್ಲಾನ್ ಯಾವುದೋ ಅದು.

ಹಿಂದಿನ ರೂಮಿಗೆ ವೈಫೈ ನಂಬಬೇಡಿ. ಪಾಠದ ಲ್ಯಾಪ್‌ಟಾಪ್‌ಗೆ ರೂಟರ್‌ನಿಂದ ಲ್ಯಾನ್ ಕೇಬಲ್ ಎಳೀರಿ, ಗೋಡೆ ಬುಡದಲ್ಲಿ ಕ್ಲಿಪ್ ಕೂಡ ಬೇಡ, ಸ್ಕರ್ಟಿಂಗ್ ಅಂಚಿಗೆ ಟೇಪ್ ಸಾಕು. ತಂಬೂರಿ ಆ್ಯಪ್ ಫೋನಲ್ಲಿರಲಿ, ಜೂಮ್ ಲ್ಯಾಪ್‌ಟಾಪಲ್ಲಿರಲಿ. ಲ್ಯಾಪ್‌ಟಾಪಿನ ವೈಫೈ ಆಫ್ ಮಾಡಿ, ಇಲ್ಲದಿದ್ರೆ ಅದು ತನಗೆ ಬೇಕಾದ್ದನ್ನ ಹಿಡ್ಕೊಳ್ಳುತ್ತೆ.

ಡಿವಿಆರ್ ಬಗ್ಗೆ ಆಂಟಿಗೆ ಹೇಳಬೇಕಾದ್ದಿದೆ. ಅವರು ಮೈಸೂರಲ್ಲಿ ಕೂತು ನಾಲ್ಕೂ ಕ್ಯಾಮೆರಾ ಫುಲ್ ಎಚ್‌ಡಿಯಲ್ಲಿ ತೆರೆದ್ರೆ ಅದು ಹೋಗೋದು ನಿಮ್ಮ ಅಪ್‌ಲೋಡಿನಲ್ಲೇ, ಪಾಠದ ಹೊತ್ತಲ್ಲಿ ಏಳೆಂಟು ಎಂಬಿಪಿಎಸ್ ನುಂಗಿಬಿಡಬಹುದು. ಡಿವಿಆರ್ ಸೆಟ್ಟಿಂಗ್‌ನಲ್ಲಿ ಸಬ್‌ಸ್ಟ್ರೀಮ್ ಅಂತ ಇರುತ್ತೆ, ಹೊರಗಿಂದ ನೋಡೋವಾಗ ಕಮ್ಮಿ ಗುಣಮಟ್ಟದ ಚಿತ್ರ ಕಳಿಸೋದು. ಆ್ಯಪ್‌ನಲ್ಲಿ ಅದನ್ನ ಆರಿಸಿಕೊಡಿ. ಗೇಟ್ ಹತ್ತಿರ ಯಾರು ನಿಂತಿದ್ದಾರೆ ಅಂತ ಅದರಲ್ಲೂ ಗೊತ್ತಾಗುತ್ತೆ.

ಮೊಳೆಯ ಭಯಕ್ಕೂ ಅದೇ ಡಿವಿಆರ್ ಔಷಧಿ. ಆಂಟೆನಾ ಗೋಡೆಗೇ ಹಾಕಬೇಕು ಅಂತೇನಿಲ್ಲ, ನೀರಿನ ಟ್ಯಾಂಕಿನ ಸ್ಟ್ಯಾಂಡಿನ ಕಬ್ಬಿಣದ ಕಾಲಿಗೆ ಕ್ಲಾಂಪ್ ಹಾಕಿ ಬಿಗಿದ್ರೆ ಆಯ್ತು, ಡ್ರಿಲ್ ಬೇಡ. ಕೇಬಲ್ ಯುಟಿಲಿಟಿ ಕಿಟಕಿಯಿಂದ ಒಳಗೆ ಬರಲಿ. "ಆಂಟಿ, ಇದು ಹಾಕಿಸಿದ್ರೆ ನಿಮ್ಮ ಕ್ಯಾಮೆರಾನೂ ಪದೇ ಪದೇ ನಿಲ್ಲಲ್ಲ" ಅಂತ ಹೇಳಿ ನೋಡಿ.

ತಂತಿ_ಟೀಚರ್

ಆಂಟಿ ಒಪ್ಪಿದ್ರು! ಟ್ಯಾಂಕ್ ಸ್ಟ್ಯಾಂಡ್ ಓಕೆ, ಆದ್ರೆ ಟ್ಯಾಂಕ್ ತೊಳೆಯೋರು ಬಂದಾಗ ಅಡ್ಡ ಆಗಬಾರದು ಅಂತ ಷರತ್ತು. ಅಳತೆಗೆ ಬಂದಿದ್ದ ಹುಡುಗ 5ಜಿನೇ ಅಂದ, ಟೆರೇಸ್‌ನಲ್ಲಿ -79 ತೋರಿಸಿದ. ಒಂದು ವರ್ಷದ್ದು ಒಟ್ಟಿಗೆ ಕಟ್ಟಿದ್ರೆ ಸಾವಿರ ರೂಪಾಯಿ ಇನ್‌ಸ್ಟಾಲೇಷನ್ ಫೀಸು ಬಿಡ್ತಾರಂತೆ, "ಇವತ್ತೇ ಹೇಳಿ ಮೇಡಂ" ಅಂತ ಬಾಗಿಲಲ್ಲೇ ನಿಂತಿದ್ದ. ನಾಳೆ ಹೇಳ್ತೀನಿ ಅಂತ ಕಳಿಸಿದೆ.

ಟವರ್_ಹತ್ತಿದವನು

ಸಾವಿರ ಕೊಟ್ಟುಬಿಡಿ, ವರ್ಷದ್ದು ಬೇಡ. ಮಾರ್ಚ್‌ನಲ್ಲಿ ಮನೆ ಬಿಟ್ರೆ ಹೊಸ ಮನೆಯಲ್ಲಿ ಮತ್ತೆ ಅಳತೆ ಆಗಬೇಕು, ಅಲ್ಲಿ ಸಿಗ್ನಲ್ ಇಲ್ಲ ಅಂದ್ರೆ ಉಳಿದ ತಿಂಗಳ ದುಡ್ಡಿಗೆ ಅಲೆಯೋರು ಯಾರು? ಸಿಗೋದ್ರಲ್ಲಿ ಕಮ್ಮಿ ತಿಂಗಳಿನದ್ದು ಆರಿಸಿ. ಮೂರು ವಿಷಯ ಮೆಸೇಜ್‌ನಲ್ಲೋ ಮೇಲ್‌ನಲ್ಲೋ ಬರೆಸಿಕೊಳ್ಳಿ: ಮಧ್ಯದಲ್ಲಿ ಬಿಟ್ರೆ ಎಷ್ಟು ವಾಪಸ್, ವಿಳಾಸ ಬದಲಾವಣೆಗೆ ಎಷ್ಟು ಫೀಸು, ಆಂಟೆನಾ ಬಿಚ್ಚಿಕೊಂಡು ಹೋಗೋಕೆ ಯಾರು ಬರ್ತಾರೆ. ಕೊನೇದನ್ನ ಮರೀಬೇಡಿ, ಡಬ್ಬಿ ಕಂಪನಿಯದ್ದು. ವಾಪಸ್ ಕೊಟ್ಟ ರಸೀತಿ ಇಲ್ಲದಿದ್ರೆ ಅದರ ಬೆಲೆ ನಿಮ್ಮ ಹೆಸರಿಗೆ ಬೀಳುತ್ತೆ.

ಜಯನಗರ_ನಿವೃತ್ತ

ಟ್ಯಾಂಕ್ ತೊಳೆಯೋರಿಗೆ ಆಂಟೆನಾ ತೋರಿಸಿ, "ಇದನ್ನ ತಿರುಗಿಸಬೇಡ್ರಪ್ಪಾ" ಅಂತ ಮೊದಲೇ ಹೇಳಿಡಿ. ನಮ್ಮ ಮನೇಲಿ ಡಿಟಿಎಚ್ ಡಿಶ್‌ಗೆ ಬಕೆಟ್ ನೇತುಹಾಕಿದ್ರು.